ಗುಡುಗುಡಿಯ ಹಾಡು ಮತ್ತು ವೈರಾಗ್ಯದ ವೇಷ ತೊಟ್ಟ ವ್ಯಾಧಿ

ಸಂತ ಶಿಶುನಾಳ ಶರೀಫರ ಗುಡುಗುಡಿಯ ತತ್ತ್ವಪದವನ್ನು ಭಜನೆಗಳಲ್ಲಿ ಏಕತಾರಿಯೊಡನೆ ಕೇಳಿದ ಹಿರಿಯರು ನಮ್ಮ ಓದುಗರಲ್ಲಿ ಅನೇಕರಿದ್ದೀರಿ. ಇಂದಿನ ತರುಣರು ಅದನ್ನೇ ಗಿಟಾರು, ಡ್ರಮ್ಮುಗಳ ಅಬ್ಬರದಲ್ಲಿ ಕೇಳುತ್ತಾರೆ. ಮೈಸೂರಿನ ರಘು ದೀಕ್ಷಿತರು 2008ರಲ್ಲಿ ‘ಅಂತರಾಗ್ನಿ’ ಎಂಬ ತಮ್ಮ ಮೊದಲ ಆಲ್ಬಮ್‌ನಲ್ಲಿ ಇದನ್ನು ರಾಕ್ ಶೈಲಿಯಲ್ಲಿ ಹಾಡಿದರು. ಅವರು ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ಪದವೀಧರರೆಂಬುದು ವೈದ್ಯರಾದ ನಮಗೆ ಒಂದು ಹೆಚ್ಚಿನ ಸಂತೋಷ.

ಬೇಗಾರಿನ ಸುತ್ತ ಅಡಿಕೆ ತೋಟವಿರುವ ಮನೆಗಳ ಮಕ್ಕಳು ಬಹುಮಂದಿ ಬೆಂಗಳೂರಿನಲ್ಲಿದ್ದಾರೆ. ಮಳೆಗಾಲದಲ್ಲಿ ಊರಿಗೆ ಬಂದಿದ್ದ ಅಂಥ ತರುಣನೊಬ್ಬ ನಮ್ಮಲ್ಲಿಗೆ ಬಂದು, “ಡಾಕ್ಟ್ರೇ, ಆ ಕೆಲಸವೂ ಬೇಡ, ಈ ತೋಟವೂ ಬೇಡ ಅನ್ನಿಸುತ್ತೆ. ಎಲ್ಲವೂ ಗಾಜಿನ ಆಚೆ ನಡೆದ ಹಾಗಿದೆ. ಇದು ವೈರಾಗ್ಯವಾ?” ಎಂದ. ರಾತ್ರಿಯಿಡೀ ಕಿವಿಯಲ್ಲಿ ಈ ಹಾಡೇ ಇರುತ್ತದಂತೆ. ನಿದ್ರೆ ಬರುವಾಗ ಮೂರು ಗಂಟೆ, ಹಸಿವೂ ಇಲ್ಲ.

ಪದದ ಅರ್ಥವನ್ನು ನೋಡೋಣ. ಒಡಲೊಳಗಿನ ರೋಗವನ್ನು ಹೊರಹಾಕುವ ಉಪಾಯವನ್ನು ಶರೀಫರು ಹೇಳುತ್ತಾರೆ. ಮನಸ್ಸು ಅಲ್ಲಿ ಸಂಚಿ, ಮೋಹವು ಕೊಚ್ಚಬೇಕಾದ ಭಂಗಿ, ಬುದ್ಧಿಯೇ ಬೆಂಕಿ. ಸುಡಬೇಕಾದದ್ದು ಮೋಹವೇ ಹೊರತು ಬದುಕಲ್ಲ. (ಹೊಗೆಯ ಚಟಕ್ಕೆ ಈ ಪದವನ್ನು ಸಾಕ್ಷಿಗೆ ಕರೆಯುವವರೂ ಇದ್ದಾರೆ, ಅವರಿಗೆ ಉತ್ತರಿಸಲು ಪ್ರತ್ಯೇಕ ಲೇಖನವೇ ಬೇಕು.) 1819ರಿಂದ 1889ರವರೆಗೆ ಬಾಳಿದ ಶರೀಫರು ಕಳಸದ ಗೋವಿಂದ ಭಟ್ಟರ ಶಿಷ್ಯರು. ಆ ಕಳಸ ನಮ್ಮ ಮಲೆನಾಡಿನದಲ್ಲ, ಕುಂದಗೋಳದ ಬಳಿಯದು. ಊರ ಜನರ ನಡುವೆಯೇ ಇದ್ದು, ಮನೆಯ ಮಾಳಿಗೆ, ಕೋಳಿ, ಗಿರಣಿಗಳನ್ನೇ ಹಾಡಿದವರು ಅವರು. ಲೋಕವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ಲೋಕದಿಂದ ಕಳಚಿಕೊಂಡ ಕಣ್ಣಾಗಿರಲು ಸಾಧ್ಯವಿಲ್ಲ.

ತರುಣನ ಸ್ಥಿತಿ ಬೇರೆ. ಚರಕಸಂಹಿತೆಯ ಸೂತ್ರಸ್ಥಾನದ 20ನೆಯ ಅಧ್ಯಾಯವು ವಾತದಿಂದಲೇ ಹುಟ್ಟುವ 80 ವಿಕಾರಗಳನ್ನು ಹೆಸರಿಸುತ್ತದೆ. ಕಾಲೊಡೆಯುವುದು, ಕಟಿನೋವುಗಳೊಂದಿಗೆ ವಿಷಾದ, ಅಸ್ವಪ್ನ, ಅನವಸ್ಥಿತ ಚಿತ್ತ, ಅಂದರೆ ಖಿನ್ನತೆ, ನಿದ್ರಾಹೀನತೆ, ನೆಲೆನಿಲ್ಲದ ಮನಸ್ಸು, ಇವೂ ಅದೇ ಪಟ್ಟಿಯಲ್ಲಿವೆ. ವರ್ಷಋತುವಿನಲ್ಲಿ ವಾತ ಪ್ರಕೋಪಗೊಳ್ಳುತ್ತದೆ. ಆಗುಂಬೆಯ ನೆರೆಯ ನಮ್ಮ ಮಳೆಯ ಬಗ್ಗೆ ಹೇಳಬೇಕಾದುದಿಲ್ಲ. ಅದರ ಮೇಲೆ ಹೊತ್ತುತಪ್ಪಿದ ಊಟ, ಮಧ್ಯರಾತ್ರಿ ದಾಟಿದ ಕಂಪ್ಯೂಟರ್ ಕೆಲಸ. ವಿರಕ್ತನು ತಾನಾಗಿ ಬಿಡುತ್ತಾನೆ, ಬಿಟ್ಟಮೇಲೆ ಹಗುರಾಗುತ್ತಾನೆ. ರೋಗಿಯ ಕೈಯಿಂದಾದರೋ ಎಲ್ಲವೂ ತಾನೇ ಜಾರುತ್ತದೆ, ಅವನ ಎದೆ ಭಾರವಾಗುತ್ತದೆ. ಆತನಿಗೆ ನಾವು ಹೇಳಿದ್ದು, ಇದು ವೈರಾಗ್ಯವಲ್ಲ, ವಿಷಾದ ಎಂದು.

ನಿತ್ಯ ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರ ಸ್ನಾನ, ತುಪ್ಪ ಬೆರೆತ ಬಿಸಿ ಅನ್ನ, ರಾತ್ರಿ ಹತ್ತಕ್ಕೆ ಮಲಗುವುದು, ಹಗಲು ತಂದೆಯೊಡನೆ ತೋಟದಲ್ಲಿ ಎರಡು ಗಂಟೆಯ ಕಾಯಕ, ಇವಿಷ್ಟನ್ನು ಸೂಚಿಸಿದೆವು. ಜೊತೆಗೆ ಶಿವಮೊಗ್ಗದ ಮನೋವೈದ್ಯರೊಬ್ಬರಿಗೆ ಪತ್ರವನ್ನೂ ಬರೆದುಕೊಟ್ಟೆವು. ಆಯುರ್ವೇದದವರು ಹೀಗೆ ಕಳುಹಿಸಬಹುದೇ ಎಂದು ಅವನ ತಾಯಿ ಕೇಳಿದರು. ಕಳುಹಿಸಲೇಬೇಕು, ತಾಯಿ. ಎಣ್ಣೆಯಿಂದ ಎಲ್ಲ ವಿಷಾದವೂ ಇಳಿಯದು.

ಎರಡು ವಾರ ಮೀರಿ ನಿದ್ರೆ, ಹಸಿವು, ಆಸಕ್ತಿಗಳು ಮರಳದಿದ್ದರೆ ವೈದ್ಯರಲ್ಲಿಗೆ ಹೋಗಿರಿ. ಸಾವಿನ ಮಾತು ಬಾಯಿಗೆ ಬಂದರೆ ಒಂದು ದಿನವೂ ಕಾಯಬೇಡಿರಿ, ಅವರನ್ನು ಒಂಟಿಯಾಗಿ ಬಿಡಬೇಡಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.