ನೆಟ್ ಹೋದದ್ದು ಗೊತ್ತಾಗುವುದು ಹೇಗೆ?

ಪ್ರಶ್ನೆ: ನಮ್ಮೂರಲ್ಲಿ ಇಂಟರ್‌ನೆಟ್, ಇಮೇಲ್ ಕೈಕೊಟ್ಟರೆ ಆನ್‌ಲೈನ್ ಸೇವೆಗಳು ಕೆಟ್ಟದ್ದನ್ನು ತೋರಿಸುವ ಡೌನ್‌ಡಿಟೆಕ್ಟರ್ ಜಾಲತಾಣಕ್ಕೆ ಹೇಗೆ ತಿಳಿಯುತ್ತದೆ?

ಉತ್ತರ: ಮುಖ್ಯವಾಗಿ ಬಳಕೆದಾರರ ದೂರುಗಳಿಂದಲೇ. ಮನೆಯ ವೈಫೈ ನಿಂತಾಗ ಜನ ಮೊಬೈಲ್ ಡೇಟಾ ಹಾಕಿಕೊಂಡು ಆ ತಾಣದಲ್ಲಿ ದೂರು ದಾಖಲಿಸುತ್ತಾರೆ. ನಾಲ್ಕಾರು ದೂರು ಯಾವಾಗಲೂ ಇದ್ದದ್ದೇ. ಆ ಹೊತ್ತಿನ ಮಾಮೂಲಿ ಸಂಖ್ಯೆಗಿಂತ ಬಹಳ ಏರಿದರೆ ಮಾತ್ರ ಸೇವೆ ಕೆಟ್ಟಿದೆ ಎಂದು ತೋರಿಸುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್‌ಆ್ಯಪ್ ಸುಮಾರು 6 ಗಂಟೆ ಸ್ತಬ್ಧವಾದಾಗ ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ದೂರುಗಳು ಬಂದಿದ್ದವು.

ದೂರಿನಿಂದ ಕಾರಣ ಮಾತ್ರ ನೇರವಾಗಿ ತಿಳಿಯದು. ರಸ್ತೆ ಅಗೆಯುವಾಗ ಕೇಬಲ್ ತುಂಡಾದರೂ ಜನ ‘ಜಿಮೇಲ್ ಓಪನ್ ಆಗ್ತಿಲ್ಲ’ ಎನ್ನುತ್ತಾರೆ. ಒಂದೇ ಊರಿನಿಂದ ಜಿಮೇಲ್, ಯೂಟ್ಯೂಬ್, ವಾಟ್ಸ್‌ಆ್ಯಪ್ ಮೂರರ ಮೇಲೂ ಏಕಕಾಲಕ್ಕೆ ದೂರು ಬಂದರೆ, ತೊಂದರೆ ಬಹುಶಃ ಆ ಊರಿನ ಲೈನಿನಲ್ಲೇ. ಹಾಗಾಗಿ ಬೇರೆ ಆ್ಯಪ್‌ಗಳನ್ನೂ ತೆರೆದು ನೋಡಿ, ಆಮೇಲೆ ಸರಿಯಾದ ಕಂಪನಿಯ ಮೇಲೆ ದೂರು ಕೊಡಿ. ಅದರಿಂದ ನೆರೆಹೊರೆಯವರಿಗೂ ಉಪಕಾರ.