ಗರ್ಭಕೋಶ ತೆಗೆಸುವ ಮುನ್ನ

“ಮಕ್ಕಳಾದ ಮೇಲೆ ಗರ್ಭಕೋಶವಿದ್ದರೇನು, ಇಲ್ಲದಿದ್ದರೇನು?” ಎಂಬ ಮಾತು ನಮ್ಮ ಮನೆಗಳಲ್ಲಿ ಸಲೀಸಾಗಿ ಹೊರಡುತ್ತದೆ. ಆಡುವವರಿಗೆ ಅದು ಹಗುರವಾದ ಮಾತು. ಫಲವನ್ನು ಅನುಭವಿಸುವವಳಿಗೆ ಹಗುರವಲ್ಲ.

ಕ್ಯಾನ್ಸರ್ ಇದ್ದಲ್ಲಿ ವಿಳಂಬ ಸಲ್ಲದು. ಆದರೆ ಈ ಶಸ್ತ್ರಕ್ರಿಯೆಗಳಲ್ಲಿ ಹೆಚ್ಚಿನವು ನಡೆಯುವುದು ಕ್ಯಾನ್ಸರಲ್ಲದ ಬೇನೆಗಳಿಗಾಗಿ: ಫೈಬ್ರಾಯ್ಡ್ ಎಂಬ ಗಡ್ಡೆ, ಅತಿಯಾದ ಮುಟ್ಟಿನ ಸ್ರಾವ, ಗರ್ಭಕೋಶ ಕೆಳಜಾರುವುದು. ವರ್ಷಗಟ್ಟಲೆ ರಕ್ತ ಹೋಗಿ ಬಿಳಿಚಿಕೊಂಡವಳು, ಔಷಧಿಗಳು ಸೋತ ಬಳಿಕ, ಇದರಿಂದ ಮರುಜೀವ ಪಡೆಯುವುದುಂಟು. ಸ್ರಾವ ನಿಲ್ಲುತ್ತದೆ, ರಕ್ತಹೀನತೆ ತಗ್ಗುತ್ತದೆ. ಅಂಥವರಲ್ಲಿ ಬಹುಮಂದಿ ತೃಪ್ತರೇ.

ಆದರೆ ಇದೇ ಮೊದಲ ಮದ್ದಾಗಬೇಕಿಲ್ಲ. ಸ್ರಾವ ತಗ್ಗಿಸುವ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇರಿಸುವ, ವರ್ಷಗಳ ಕಾಲ ಕೆಲಸ ಮಾಡುವ ಹಾರ್ಮೋನಿನ ವಂಕಿಯಿದೆ. ಗಡ್ಡೆಯನ್ನಷ್ಟೇ ತೆಗೆಯುವ ಕ್ರಮವೂ ಇದೆ. ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ತೊಂದರೆ ಕೊಡದ ಸಣ್ಣ ಗಡ್ಡೆಗೆ ಚಿಕಿತ್ಸೆಯೇ ಬೇಡವಾಗಬಹುದು.

ಇನ್ನು ಅಂಡಾಶಯಗಳ ಮಾತು. ಮುಟ್ಟು ನಿಲ್ಲುವ ಮೊದಲೇ ಗರ್ಭಕೋಶದೊಡನೆ ಅವೆರಡನ್ನೂ ತೆಗೆದರೆ, ವರ್ಷಗಳಲ್ಲಿ ಮೆಲ್ಲನೆ ಬರಬೇಕಾದ ಬದಲಾವಣೆ ಒಮ್ಮೆಲೇ ಬಂದೆರಗುತ್ತದೆ: ಮೈ ಕಾವೇರುತ್ತದೆ, ನಿದ್ರೆ ಕೆಡುತ್ತದೆ, ಮುಂದೆ ಮೂಳೆ ಸವೆತ, ಹೃದ್ರೋಗಗಳ ಭಯವೂ ಹೆಚ್ಚುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಕೆಲವರಲ್ಲಿ ಅವು ಬೇಗನೆ ಬಳಲುತ್ತವೆ.

2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಆಗ ವಯಸ್ಸು 34ರ ಆಸುಪಾಸು ಅಥವಾ ಅದಕ್ಕೂ ಕಡಿಮೆ! ಕಲಬುರಗಿ ಜಿಲ್ಲೆಯ ಲಂಬಾಣಿ ಹಾಗೂ ದಲಿತ ಹೆಂಗಸರು ಹೊಟ್ಟೆನೋವು, ಬಿಳಿ ಸೆರಗಿನಂಥ ದೂರು ಹೇಳಿಕೊಂಡು ಹೋಗಿ ಗರ್ಭಕೋಶ ಕಳೆದುಕೊಂಡ ಸಂಗತಿ 2015ರಲ್ಲಿ ವಿಚಾರಣೆಗೆ ಬಂದಿತು. ಇಂಥ ಅನಗತ್ಯ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶಿಸಿತು.

ತಾಂಡಾದ ಆ ಹೆಂಗಸರಿಗೆ ಎದುರು ಪ್ರಶ್ನೆ ಹಾಕುವ ಅನುಕೂಲವಿರಲಿಲ್ಲ. ಓದುಬರಹ ಬಲ್ಲ ನಮಗೆ ಅದುಂಟು. ರೋಗವೇನು? ಬೇರೆ ಉಪಾಯವಿಲ್ಲವೆ? ಅಂಡಾಶಯಗಳು ಉಳಿಯುವುವೆ? ಕಾದರೆ ಅಪಾಯವೇನು? ಈ ನಾಲ್ಕನ್ನು ವೈದ್ಯರಲ್ಲಿ ಕೇಳಿರಿ. ಬೇಕಾದರೆ ಇನ್ನೊಬ್ಬ ವೈದ್ಯರಲ್ಲಿಯೂ ಕೇಳಿರಿ. ಕೊನೆಯ ತೀರ್ಮಾನ ಮಾತ್ರ ಮನೆಯ ಹಿರಿಯರದಾಗದೆ, ನೋವುಣ್ಣುವವಳದೇ ಆಗಲಿ.