ಮೂಳೆ ಕೂಡಿತು, ಕೈ ಏಕೆ ಏಳುತ್ತಿಲ್ಲ?
ತೋಳಿನ ನರಗಳ ಗಾಯ ಮತ್ತು ಚಿಕಿತ್ಸೆ

ಬನ್ನೇರುಘಟ್ಟ ರಸ್ತೆಯಲ್ಲೋ, ಬಿ.ಟಿ.ಎಂ. ಬಡಾವಣೆಯ ಹೊರವರ್ತುಲ ರಸ್ತೆಯಲ್ಲೋ ಬೈಕಿನಿಂದ ಬಿದ್ದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಎಕ್ಸ್-ರೇಯಲ್ಲಿ ಕಂಡದ್ದು ಕೊರಳೆಲುಬಿನ ಮುರಿತ ಮಾತ್ರ. ಕೆಲವು ವಾರಗಳಲ್ಲಿ ಮೂಳೆ ಕೂಡಿಕೊಂಡಿತು. ಆದರೆ ಕೈ ಪಕ್ಕದಲ್ಲಿ ಜೋತುಬಿದ್ದೇ ಇದೆ, ಮೊಣಕೈ ಮಡಿಸಲಾಗುತ್ತಿಲ್ಲ. "ಪೆಟ್ಟು ಬಲವಾಗಿ ಬಿದ್ದಿದೆ, ಎಣ್ಣೆ ಹಚ್ಚಿ ನೀವಿ, ತಾನಾಗಿ ಸರಿಹೋಗುತ್ತದೆ" ಎಂದು ನೆಂಟರಿಷ್ಟರು ಸಮಾಧಾನ ಹೇಳುತ್ತಾರೆ. ಹೀಗೆ ತಿಂಗಳುಗಟ್ಟಲೆ ಕಾಯುವುದೇ ಇಲ್ಲಿರುವ ದೊಡ್ಡ ಅಪಾಯ. ಏಕೆ ಎಂಬುದನ್ನು ನೋಡೋಣ.

ನರಜಾಲ ಎಂದರೇನು?

ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಯ ಪ್ರತಿ ಬದಿಯಿಂದಲೂ ಐದು ನರಬೇರುಗಳು ತೋಳಿನ ಕಡೆಗೆ ಹೊರಡುತ್ತವೆ. ಇವು ಕೊರಳೆಲುಬಿನ ಹಿಂದೆ ಒಂದರೊಡನೊಂದು ಹೆಣೆದುಕೊಂಡು, ಮತ್ತೆ ಕವಲೊಡೆದು ಬೆರಳ ತುದಿಯವರೆಗೂ ಹೋಗುತ್ತವೆ. ಈ ಹೆಣಿಗೆಯನ್ನು ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎಂದು ಕರೆಯುತ್ತಾರೆ. ನಾವು ತೋಳಿನ ನರಜಾಲ ಎನ್ನಬಹುದು. ಭುಜ ಎತ್ತುವುದು, ಮೊಣಕೈ ಮಡಿಸುವುದು ಮುಖ್ಯವಾಗಿ ಮೇಲಿನ ಬೇರುಗಳ ಕೆಲಸ. ಬೆರಳುಗಳ ಹಿಡಿತ ಕೆಳಗಿನವುಗಳದ್ದು.

ವಾಹನದಿಂದ ಬಿದ್ದಾಗ ಭುಜ ನೆಲಕ್ಕೆ ಬಡಿದು, ತಲೆ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಕುತ್ತಿಗೆಗೂ ಭುಜಕ್ಕೂ ನಡುವಿನ ಅಂತರ ಒಮ್ಮೆಲೇ ಹಿಗ್ಗಿ ನರಗಳು ಸೆಳೆತಕ್ಕೆ ಸಿಕ್ಕುತ್ತವೆ. ಹೆಲ್ಮೆಟ್ ಪ್ರಾಣ ಉಳಿಸುತ್ತದೆ, ಅದನ್ನು ಧರಿಸಲೇಬೇಕು. ಆದರೆ ಈ ಸೆಳೆತವನ್ನು ಅದು ತಡೆಯಲಾರದು.

ಗಾಯದ ಮೂರು ಬಗೆ

ಬ್ರಿಟನ್ನಿನ ವೈದ್ಯ ಹರ್ಬರ್ಟ್ ಸೆಡ್ಡನ್ 1943ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಮೊದಲ ಬಗೆಯಲ್ಲಿ ನರ ತುಂಡಾಗಿರುವುದಿಲ್ಲ, ಸಂದೇಶ ಸಾಗುವುದು ಮಾತ್ರ ನಿಂತಿರುತ್ತದೆ. ಇದು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಾನಾಗಿ ಗುಣವಾಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಗಳು ಕಡಿದಿರುತ್ತವೆ, ಹೊರಗಿನ ಕೊಳವೆ ಉಳಿದಿರುತ್ತದೆ. ಎಳೆಗಳು ಆ ಕೊಳವೆಯಲ್ಲೇ ಮತ್ತೆ ಬೆಳೆಯಬಲ್ಲವು. ಮೂರನೆಯದರಲ್ಲಿ ಇಡೀ ನರವೇ ತುಂಡಾಗಿರುತ್ತದೆ. ಶಸ್ತ್ರಚಿಕಿತ್ಸೆ ಇಲ್ಲದೆ ಕೂಡದು.

ಇವೆಲ್ಲಕ್ಕಿಂತ ಕಠಿಣವಾದದ್ದು ನರಬೇರು ಬೆನ್ನುಹುರಿಯಿಂದಲೇ ಕಿತ್ತುಬರುವುದು. ಕೊಂಬೆ ಮುರಿದ ಗಿಡ ಚಿಗುರೀತು. ಬೇರು ಕಿತ್ತ ಗಿಡ ಅಲ್ಲಿಯೇ ಚಿಗುರದು. ಪೆಟ್ಟಾದ ಬದಿಯ ಕಣ್ಣಿನ ರೆಪ್ಪೆ ಇಳಿದು, ಪಾಪೆ ಚಿಕ್ಕದಾಗಿದ್ದರೆ ಕೆಳಗಿನ ಬೇರು ಕಿತ್ತಿರುವ ಶಂಕೆ ಬಲವಾಗುತ್ತದೆ.

ಕಾಲದ ಲೆಕ್ಕ

ಕಡಿದ ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ 3 ಸೆಂಟಿಮೀಟರ್. ಕುತ್ತಿಗೆಯ ಬುಡದಿಂದ ಮೊಣಕೈ ಮಡಿಸುವ ಸ್ನಾಯುವಿಗೆ 25ರಿಂದ 30 ಸೆಂಟಿಮೀಟರ್ ದೂರವೆಂದರೂ ಒಂಬತ್ತು-ಹತ್ತು ತಿಂಗಳು ಬೇಕು. ಅತ್ತ ನರದ ಸಂಪರ್ಕ ತಪ್ಪಿದ ಸ್ನಾಯು ದಿನೇ ದಿನೇ ಸೊರಗುತ್ತದೆ. ಒಂದರಿಂದ ಒಂದೂವರೆ ವರ್ಷ ಕಳೆದ ಮೇಲೆ ನರ ಬಂದು ಮುಟ್ಟಿದರೂ ಅದು ಎಚ್ಚೆತ್ತುಕೊಳ್ಳುವುದು ಕಷ್ಟ. ಎಣ್ಣೆ ನೀವುತ್ತಲೇ ಎಂಟು ತಿಂಗಳು ಕಳೆದರೆ, ಉಳಿದ ಅವಧಿ ನರದ ಪ್ರಯಾಣಕ್ಕೆ ಸಾಲದು.

ಆದ್ದರಿಂದ ಕೈ ಸತ್ವಹೀನವಾಗಿದೆ ಎಂದು ಕಂಡ ಕೂಡಲೇ ತಜ್ಞರಿಗೆ ತೋರಿಸಿ. ನರದ ಕೆಲಸವನ್ನು ಅಳೆಯುವ ಇ.ಎಂ.ಜಿ. ಪರೀಕ್ಷೆಯನ್ನು ಪೆಟ್ಟಾದ ಮೂರ್ನಾಲ್ಕು ವಾರಗಳ ನಂತರ ಮಾಡಿದರೆ ಸರಿಯಾದ ಚಿತ್ರ ಸಿಗುತ್ತದೆ. ಕಿತ್ತ ಬೇರುಗಳನ್ನು ಎಂ.ಆರ್.ಐ. ತೋರಿಸಬಲ್ಲದು. ಮೂರು ತಿಂಗಳಾದರೂ ಚೇತರಿಕೆ ಕಾಣದಿದ್ದರೆ ಶಸ್ತ್ರಚಿಕಿತ್ಸೆಯ ತೀರ್ಮಾನವನ್ನು ಆರು ತಿಂಗಳೊಳಗೆ ಕೈಗೊಳ್ಳುವುದು ಒಳ್ಳೆಯದು. ಹರಿತವಾದ ವಸ್ತುವಿನಿಂದ ನರ ಕೊಯ್ದಿದ್ದರೆ ಕೆಲವೇ ದಿನಗಳಲ್ಲಿ ಜೋಡಿಸಬೇಕಾಗುತ್ತದೆ.

ಚಿಕಿತ್ಸೆ ಏನಿದೆ?

ತುಂಡಾದ ನರದ ನಡುವಿನ ಅಂತರಕ್ಕೆ ಕಾಲಿನಿಂದ ತೆಗೆದ ನರವನ್ನು ಕಸಿ ಮಾಡುತ್ತಾರೆ. ಬೇರೇ ಕಿತ್ತಿದ್ದರೆ ಬೇರೆ ಕೆಲಸದಲ್ಲಿರುವ ನರವೊಂದನ್ನು ತಿರುಗಿಸಿ ಜೋಡಿಸುತ್ತಾರೆ. ಫ್ರಾನ್ಸಿನ ಕ್ರಿಸ್ಟೋಫ್ ಒಬರ್ಲಿನ್ 1994ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅಂಗೈಗೆ ಹೋಗುವ ನರದ ಒಂದು ಎಳೆಯನ್ನು ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ, ಸ್ನಾಯುವಿನ ಹತ್ತಿರವೇ ಸೇರಿಸುತ್ತಾರೆ. ನರ ಬೆಳೆಯಬೇಕಾದ ದೂರ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಪಕ್ಕೆಲುಬಿನ ನಡುವಿನ ನರವನ್ನು ಜೋಡಿಸಿದಾಗ ರೋಗಿ ಮೊದಮೊದಲು ಉಸಿರೆಳೆದು ಕೈ ಮಡಿಸುತ್ತಾನೆ. ಅಭ್ಯಾಸದಿಂದ ಮಿದುಳು ಹೊಸ ದಾರಿಯನ್ನು ಕಲಿತುಕೊಳ್ಳುತ್ತದೆ. ತಡವಾಗಿ ಬಂದವರಿಗೂ ಸ್ನಾಯುರಜ್ಜುಗಳ ಸ್ಥಳಾಂತರದಂಥ ದಾರಿಗಳಿವೆ. ಆದರೆ ಪೂರ್ತಿ ಮೊದಲಿನ ಕೈ ಬರುತ್ತದೆಂಬ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು.

ದಕ್ಷಿಣ ಬೆಂಗಳೂರಿನವರಿಗೆ ಈ ನೆರವು ದೂರವಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಈ ಬಗೆಯ ನರಶಸ್ತ್ರಚಿಕಿತ್ಸೆ ನಡೆಯುತ್ತದೆ. ಮೂಳೆ ಮುರಿತಕ್ಕೆ ಜಯನಗರ ಪೂರ್ವದ ಸಂಜಯ್ ಗಾಂಧಿ ಆಸ್ಪತ್ರೆ ಇದೆ.

ಮನೆಯವರ ಪಾಲು

ಸೊರಗಿದ ಕೈಯ ಕೀಲುಗಳು ಬಿಗಿಯದಂತೆ, ಫಿಸಿಯೋಥೆರಪಿಯವರು ತೋರಿಸಿಕೊಟ್ಟ ಹಾಗೆ ದಿನವೂ ಆಡಿಸಿ. ಭುಜ ಜಾರದಂತೆ ಜೋಳಿಗೆಯ ಆಸರೆ ಕೊಡಿ. ಸ್ಪರ್ಶಜ್ಞಾನವಿಲ್ಲದ ಕೈಗೆ ಕಾಫಿ ಲೋಟದ ಬಿಸಿಯೂ ತಿಳಿಯದು. ಸುಟ್ಟ ಗಾಯ ಆಗದಂತೆ ನೋಡಿಕೊಳ್ಳಿ. ಉರಿನೋವಿಗೆ ಪ್ರತ್ಯೇಕ ಔಷಧಿಗಳಿವೆ, ಸಹಿಸಿಕೊಂಡು ಕೂರಬೇಡಿ. ಮುರಿತಕ್ಕೆ ಹಾಕಿದ ನಾಟಿ ಕಟ್ಟಾಗಲಿ ಪ್ಲಾಸ್ಟರಾಗಲಿ ಬಿಗಿಯಾಗಿ ಬೆರಳು ಜೋಮು ಹಿಡಿದು, ನೋವು ಏರುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಹೆರಿಗೆಯ ವೇಳೆ ಭುಜ ಸಿಕ್ಕಿಕೊಂಡ ಶಿಶುವಿಗೂ ಇದೇ ನರಜಾಲಕ್ಕೆ ಪೆಟ್ಟಾಗಬಹುದು. ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೂ ಮೊದಲ ವಾರಗಳಲ್ಲೇ ತೋರಿಸಿ; ಮೂರು ತಿಂಗಳಾದರೂ ಮಗು ಮೊಣಕೈ ಮಡಿಸದಿದ್ದರೆ ನರತಜ್ಞರ ಸಲಹೆ ಅಗತ್ಯ.

ಪೆಟ್ಟು ಬಿದ್ದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.